ಗ್ರಂಥಾಲಯದಲ್ಲಿ ಗಟ್ಟಿ ದನಿ

ನನಗೊಂದು ಚಟವಿದೆ. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಬಾಯಿಬಿಟ್ಟು ಓದುವುದು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಅಂಗಡಿಗಳ ಬೋರ್ಡು, ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತು, ಮುಂದೆ ಹೋಗುವ ಲಾರಿಯ ಬೆನ್ನಿಗೆ ಬರೆದ ಉಪದೇಶ, ಒಂದನ್ನೂ ಬಿಡುವುದಿಲ್ಲ. ಅಡುಗೆಮನೆಯಲ್ಲಿ ಉಪ್ಪಿನಕಾಯಿ ಬಾಟಲಿ ಕೈಗೆ ಬಂದರೆ ಅದರ ಮೈಮೇಲಿರುವುದೆಲ್ಲ ಪಡಸಾಲೆಯವರೆಗೆ ಕೇಳಿಸುತ್ತದೆ. ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ ಎಂದಾದ ಮೇಲಂತೂ ಈ ಚಟಕ್ಕೆ ರೆಕ್ಕೆ ಬಂದಿದೆ. ಚಿದ್ರಿಯ ನಮ್ಮ ಮನೆಯಿಂದ ಬೀದರಿನ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಒಂದು ದಿನಪತ್ರಿಕೆಯಷ್ಟು ಓದಿ ಮುಗಿಸಿರುತ್ತೇನೆ. ನಮ್ಮ ಯಜಮಾನರು ನನ್ನ ಪಕ್ಕದಲ್ಲಿ ಕೂಡುವುದನ್ನು ಬಿಟ್ಟಿದ್ದಾರೆ. ಗಂಡಸರ ಕಡೆ ಜಾಗವಿದೆ ಎಂದು ಹಿಂದೆ ಹೋಗುತ್ತಾರೆ. ಜಾಗವಿಲ್ಲದಿದ್ದರೂ ಹೋಗಿ ನಿಂತುಕೊಳ್ಳುತ್ತಾರೆ.

ಈ ರೋಗ ಹತ್ತಿಸಿದವರು ನನ್ನ ಅಜ್ಜ. ನಾನು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ, ರೈಲ್ವೆ ಸ್ಟೇಷನ್ನಿನ ಸಮೀಪ. ಅಜ್ಜ ನಿಜಾಮರ ಕಾಲದಲ್ಲಿ ಕಲಿತವರು. ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಕಟ್ಟೆಯ ಮೇಲೆ ಗೆಳೆಯರೊಂದಿಗೆ ಮರಾಠಿ ಹರಟುತ್ತಿದ್ದರು, ಓದಲು ಬರೆಯಲು ಬರುತ್ತಿದ್ದದ್ದು ಮಾತ್ರ ಉರ್ದು. ಕನ್ನಡ ಪತ್ರಿಕೆ ಮನೆಗೆ ಬರತೊಡಗಿದಾಗ ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಯಾವ ಕಿವಿ ಎಂಬುದನ್ನು ಅವರು ಆಗಾಗ ಬದಲಾಯಿಸುತ್ತಿದ್ದರು. ಹಾಗಾಗಿ ಎರಡೂ ಕಿವಿಗೆ ಸಾಲುವಂತೆ ಓದಬೇಕಿತ್ತು. ಓದುವ ನಡುವೆ ರೈಲು ಬಂದರೆ ರೈಲಿಗಿಂತ ಮೇಲೆ ದನಿ ಏರಿಸಬೇಕಿತ್ತು. ಅಜ್ಜ ಸುದ್ದಿಯೊಂದಿಗೆ ಜಗಳಕ್ಕಿಳಿಯುತ್ತಿದ್ದರು. ಮಂತ್ರಿ ಹೀಗೆ ಹೇಳಿದರು ಎಂದು ನಾನು ಓದಿದರೆ, ಹಾಗೆ ಯಾಕೆ ಹೇಳಿದ ಎಂದು ನನ್ನನ್ನೇ ಗದರಿಸುತ್ತಿದ್ದರು. ಮಂತ್ರಿಗಳ ಪರವಾಗಿ ಉತ್ತರ ಕೊಡುವ ಅಭ್ಯಾಸ ನನಗೆ ಮೂರನೆಯ ಇಯತ್ತೆಯಲ್ಲೇ ಆಗಿತ್ತು.

ಈ ದನಿಯನ್ನು ಹೊತ್ತುಕೊಂಡು ಭಾಲ್ಕಿಯ ಗ್ರಂಥಾಲಯಕ್ಕೆ ಹೋದೆ. ಚಿತ್ರದ ಪುಸ್ತಕ ಬಿಚ್ಚಿದ್ದೇ ತಡ, ನನಗೆ ಗೊತ್ತಿಲ್ಲದಂತೆಯೇ ಓದು ಶುರುವಾಯಿತು. ಅಲ್ಲಿ ಕೂಡುತ್ತಿದ್ದ ಮಾಸ್ತರರು ಬೈಯಲಿಲ್ಲ. ಕೈ ಹಿಡಿದು ಹೊರಗೆ ಕರೆತಂದು, "ಇಲ್ಲಿ ಕಟ್ಟಿ ಅದ, ಇಲ್ಲಿ ಕುಂತು ಓದವ್ವ" ಎಂದರು. ಕಟ್ಟೆಯ ಮೇಲೆ ಬಳೆ ಮಾರುವವಳೊಬ್ಬಳು ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಅವಳು ಕಥೆ ಪೂರ್ತಿ ಕೇಳಿದಳು. ರಾಜಕುಮಾರಿಗೆ ಬಳೆ ತೊಡಿಸಿದವರು ಯಾರು ಎಂದು ಕೇಳಿದಳು. ಪುಸ್ತಕದಲ್ಲಿ ಅದು ಇರಲಿಲ್ಲ. ನೀನೇ ಎಂದೆ. ಖುಷಿಯಾಗಿ ಹೋದಳು.

ದೊಡ್ಡ ದನಿಯ ಹುಡುಗಿಗೆ ದೇವರು ತಕ್ಕ ನೌಕರಿಯನ್ನೇ ಕೊಟ್ಟ. ಬೀದರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದೆ. ಟ್ರಂಕ್ ಕಾಲಿನ ಆ ಕಾಲದಲ್ಲಿ ಔರಾದಿಗೆ ಲೈನು ಹಚ್ಚಿ "ಹಲೋ ಔರಾದ್" ಎಂದರೆ, ತಂತಿ ಇಲ್ಲದೆಯೂ ಅಲ್ಲಿಗೆ ಕೇಳಿಸುತ್ತದೆ ಎಂದು ಜೊತೆಯವರು ನಗುತ್ತಿದ್ದರು. ಆಮೇಲೆ ಯಂತ್ರಗಳು ಬಂದವು, ಹಲೋ ಎನ್ನುವ ಕೆಲಸವೇ ಹೋಯಿತು. ಕಾಗದದ ಕೆಲಸ ಮಾಡುತ್ತ ನಿವೃತ್ತಳಾದೆ. ಮಗಳು ಮದುವೆಯಾಗಿ ಹುಮನಾಬಾದಿಗೆ ಹೋದಳು. ಮನೆಯಲ್ಲಿ ಉಳಿದದ್ದು ನಾನು, ಯಜಮಾನರು, ಉಪ್ಪಿನಕಾಯಿ ಬಾಟಲಿ.

ಹೊತ್ತು ಹೋಗದೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗತೊಡಗಿದೆ. ಈಗಿನ ಗ್ರಂಥಾಲಯ ನೋಡಿದ್ದೀರಲ್ಲ, ಸರ್ಕಾರಿ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರೇ ತುಂಬಿರುತ್ತಾರೆ. ನೀರಿನ ಬಾಟಲಿ, ದಪ್ಪ ದಪ್ಪ ಗೈಡು, ಕಿವಿಗೆ ಹತ್ತಿ. ಅವರ ನಡುವೆ ತುಟಿ ಕಚ್ಚಿಕೊಂಡು ವಾರಪತ್ರಿಕೆ ಓದುತ್ತಿದ್ದೆ. ಒಂದು ದಿನ ಹಾಗಲಕಾಯಿ ಪಲ್ಯ ಮಾಡುವ ವಿಧಾನ ಓದುವಾಗ ಮೈಮರೆತೆ. ಬೆಲ್ಲ ಹಾಕುವ ಹೊತ್ತಿಗೆ ತಲೆ ಎತ್ತಿ ನೋಡಿದರೆ ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು. ಗ್ರಂಥಪಾಲಕಿ ಎದ್ದು ನನ್ನ ಕಡೆ ಬಂದಳು. ನಾನು ಚೀಲ ಹೆಗಲಿಗೇರಿಸಿಕೊಂಡೆ.

ಅವಳ ಹೆಸರು ಸುವರ್ಣಾ. ಔರಾದಿನ ಹುಡುಗಿ, ಹೊಸದಾಗಿ ಬಂದಿದ್ದಳು. ಬಂದವಳು ಸುಮ್ಮನೆ ಕೂಡುವ ಪೈಕಿ ಅಲ್ಲ. ಶನಿವಾರ ಮಕ್ಕಳಿಗೆ ಕಥೆ ಹೇಳಿಸುತ್ತಿದ್ದಳು, ನರ್ಸ್ ಒಬ್ಬರನ್ನು ಕರೆಸಿ ಬಿಪಿ ಸಕ್ಕರೆಯ ಬಗ್ಗೆ ಹೆಂಗಸರಿಗೆ ತಿಳಿಸಿ ಹೇಳಿಸಿದ್ದಳು. ಹೊರಗೆ ಕರೆದೊಯ್ದು ಅವಳು ಕೇಳಿದ್ದು ಇಷ್ಟು: ಭಾನುವಾರ ಮುಂಜಾನೆ ಹಿಂದಿನ ವರಾಂಡದಲ್ಲಿ ವಯಸ್ಸಾದವರಿಗಾಗಿ ಒಂದು ಕೂಟ ಮಾಡಬೇಕೆಂದಿದ್ದೇನೆ. ಕಣ್ಣು ಮಂಜಾದವರು, ಓದಲು ಬಾರದವರು, ಸುಮ್ಮನೆ ಬೇಸರವಾದವರು, ಯಾರಾದರೂ ಬರಲಿ. ಪೇಪರು ಪುಸ್ತಕ ಗಟ್ಟಿಯಾಗಿ ಓದಿ ಹೇಳುವವರು ಬೇಕು. ಮೈಕಿಗೆ ಪರವಾನಗಿ ಸಿಗುವುದಿಲ್ಲ.

"ನಿಮಗ ಮೈಕ್ ಬ್ಯಾಡೇ ಬ್ಯಾಡ್ರಿ ಆಂಟಿ" ಎಂದಳು.

ಇದನ್ನು ಹೊಗಳಿಕೆ ಎಂದು ತಿಳಿದುಕೊಂಡು ಒಪ್ಪಿದೆ.

ಮೊದಲ ಭಾನುವಾರ ಬಂದವರು ನಮ್ಮ ಯಜಮಾನರು. ಮನೆಯಲ್ಲಿ ಪುಕ್ಕಟೆ ಕೇಳುವುದನ್ನೇ ಕೇಳಲು ಆಟೋದಲ್ಲಿ ಬಂದಿದ್ದರು, ಯಾರೂ ಬರದಿದ್ದರೆ ನನಗೆ ಬೇಜಾರಾದೀತೆಂದು. ಆಮೇಲಾಮೇಲೆ ಜನ ಕೂಡಿದರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಗದಲ್‌ನಿಂದ ಮಗಳ ಮನೆಗೆ ಬಂದಿದ್ದ ರೈತರೊಬ್ಬರು ಬಂದರು. ತರಕಾರಿ ಮಾರಿ ಮುಗಿದವರು ನೆರಳಿಗೆಂದು ಬಂದು ಕೂತರು. ಸುವರ್ಣಾ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಸುಶಲಾ ಮಾಡಿಸಿ ತರತೊಡಗಿದ ಮೇಲೆ ಸಾಹಿತ್ಯಾಸಕ್ತರ ಸಂಖ್ಯೆ ಇನ್ನೂ ಹೆಚ್ಚಿತು.

ಹೀಗಿರುವಾಗ ಒಂದು ಭಾನುವಾರ ಜೈತುನ್‌ಬೀ ತಮ್ಮ ಗಂಡನನ್ನು ಕೈಹಿಡಿದು ಕರೆತಂದರು. ನಮ್ಮ ಚಿದ್ರಿಯವರೇ, ಹಿಂದಿನ ಓಣಿ. ಗಫೂರ್ ಸಾಹೇಬರನ್ನು ನಾನು ಹೆಸರಿನಿಂದ ಬಲ್ಲವಳಲ್ಲ, ದನಿಯಿಂದ ಬಲ್ಲವಳು. ಅವರು ಬಸ್ ಕಂಡಕ್ಟರ್ ಆಗಿದ್ದವರು. ಭಾಲ್ಕಿಗೆ ತವರಿಗೆ ಹೋಗುವಾಗಲೆಲ್ಲ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅವರ ಕೂಗು ಹಿಡಿದುಕೊಂಡೇ ನಾನು ಬಸ್ಸು ಹುಡುಕುತ್ತಿದ್ದೆ. ಆ ಮನುಷ್ಯ ಈಗ ಎಡಗೈಯಿಂದ ಬಲಗೈ ಹಿಡಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಲಕ್ವಾ ಹೊಡೆದಿತ್ತು. ಕಾಲು ಬಂದಿತ್ತು, ಕೈ ಅಷ್ಟಿಷ್ಟು ಬಂದಿತ್ತು, ಮಾತು ಬಂದಿರಲಿಲ್ಲ.

"ತೆಲಿ ಛಲೋ ಅದರಿ, ಎಲ್ಲಾ ತಿಳೀತದ" ಎಂದರು ಜೈತುನ್‌ಬೀ. "ಅನ್ನಬೇಕಾದ್ದು ಹೊರಗ ಬರಂಗಿಲ್ಲ. ಬರಲಿಲ್ಲಂದ್ರ ಸಿಟ್ಟು. ನಾ ಮಾತಾಡಿದ್ರೂ ಸಿಟ್ಟು, ಸುಮ್ ಇದ್ರೂ ಸಿಟ್ಟು. ಡಾಕ್ಟರ್ ಹೇಳ್ಯಾರ, ಮಂದ್ಯಾಗ ಕೂಡಸ್ರಿ ಅಂತ."

ಮೊಮ್ಮಕ್ಕಳು ಹತ್ತಿರ ಬರಲು ಅಂಜುತ್ತಿದ್ದರಂತೆ. ಹಾಂ ಎನ್ನುವುದೊಂದೇ ಅವರಿಗೆ ಉಳಿದಿದ್ದ ಶಬ್ದ. ಬೇಕು ಎನ್ನಲೂ ಹಾಂ, ಬೇಡ ಎನ್ನಲೂ ಹಾಂ.

ನನ್ನ ಓದಿನಿಂದಲೇ ಇವರಿಗೆ ಮಾತು ಬರುತ್ತದೆ ಎಂಬ ಹುಮ್ಮಸ್ಸು ನನಗೆ ಏರಿತು ಎಂದು ಬೇರೆ ಹೇಳಬೇಕಿಲ್ಲ. ಗಂಭೀರವಾದ ಲೇಖನಗಳನ್ನೇ ಆರಿಸಿ, ಏರಿಳಿತ ಕೊಟ್ಟು ಓದಿದೆ. ಗಫೂರ್ ಸಾಹೇಬರು ನಿದ್ದೆ ಹೋದರು. ವಾರ ವಾರವೂ ಬಂದು ನಿದ್ದೆ ಹೋದರು. ಮನೆಯಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಬರುವುದಿಲ್ಲ, ನಿಮ್ಮ ಉಪಕಾರ ಎಂದು ಜೈತುನ್‌ಬೀ ಹೇಳಿದರು. ನಮ್ಮ ಯಜಮಾನರು ಆ ಮಾತನ್ನು ಮನೆಯಲ್ಲಿ ಬಹಳ ದಿನ ನೆನೆಸಿಕೊಂಡರು.

ಆಮೇಲೆ ಅದೊಂದು ದಿನ, ಪೇಪರಿನಲ್ಲಿ ಬಸ್ಸುಗಳ ಸುದ್ದಿ ಬಂದಿತ್ತು. ಹಬ್ಬದ ಗದ್ದಲಕ್ಕೆ ಹೆಚ್ಚಿನ ಬಸ್ಸು ಬಿಡುತ್ತಾರೆ ಎಂಬ ಸಣ್ಣ ಸುದ್ದಿ. ಬೀದರಿನಿಂದ ಹಲಬರ್ಗಾ ಮಾರ್ಗವಾಗಿ ಎಂದು ಓದಿ, ಕನ್ನಡಕ ಜಾರಿತೆಂದು ನಿಲ್ಲಿಸಿದೆ.

"ಭಾಲ್ಕಿ" ಎಂದರು ಯಾರೋ.

ಮತ್ತೆ, "ಭಾಲ್ಕಿ ಭಾಲ್ಕಿ ಭಾಲ್ಕಿ, ಬರ್ರಿ ಬರ್ರಿ, ಒಳಗ ನಡೀರಿ."

ಅದೇ ದನಿ. ಹಿಂದಿನ ಬೇವಿನ ಗಿಡದ ಮೇಲಿನ ಕಾಗೆಗಳು ಎದ್ದವು. ಒಳಗೆ ಓದುತ್ತಿದ್ದ ಹುಡುಗರು ಕಿಟಕಿಗೆ ಬಂದರು. ಗಫೂರ್ ಸಾಹೇಬರು ತಮ್ಮ ಬಾಯನ್ನೇ ಮುಟ್ಟಿ ನೋಡಿಕೊಂಡರು. ಜೈತುನ್‌ಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆ ದಿನದ ಸುಶಲಾ ಯಾರಿಗೂ ರುಚಿ ಹತ್ತಲಿಲ್ಲ, ಅಥವಾ ಬಹಳ ರುಚಿ ಹತ್ತಿತು, ನೆನಪಿಲ್ಲ.

ಆದರೆ ಮನೆಗೆ ಹೋದ ಮೇಲೆ ನೀರು ಬೇಕೆಂದಾಗ ಅವರಿಂದ ನೀರು ಎನ್ನಲಾಗಲಿಲ್ಲ. ಡಾಕ್ಟರು ವಿವರಿಸಿದರಂತೆ: ವರ್ಷಗಟ್ಟಲೆ ಕೂಗಿ ನಾಲಿಗೆಗೆ ರೂಢಿಯಾದದ್ದು ತಾನಾಗಿ ಬರುತ್ತದೆ, ಹೊಸದಾಗಿ ಆಡುವ ಮಾತು ಬೇರೆ ದಾರಿಯಿಂದ ಬರಬೇಕು. ಹತ್ತು ಜನರ ಜೊತೆ ಸೇರಿ ಹೇಳಿಸಿ ನೋಡಿ, ಕೆಲವರಿಗೆ ಅದು ಕೂಡಿಬರುತ್ತದೆ ಎಂದೂ ಹೇಳಿದರಂತೆ. ಜೈತುನ್‌ಬೀ ಇದನ್ನು ಸುವರ್ಣಾಗೆ ಹೇಳಿದರು. ಮರುವಾರ ಸುವರ್ಣಾ ದೊಡ್ಡ ಹಾಳೆಯ ಮೇಲೆ ಕನ್ನಡಕವಿಲ್ಲದವರಿಗೂ ಕಾಣುವಂಥ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿದಳು. ಇನ್ನು ಮುಂದೆ ಒಬ್ಬರು ಓದುವುದಿಲ್ಲ, ಎಲ್ಲರೂ ಕೂಡಿ ಓದುವುದು ಎಂದಳು. ನನ್ನ ಗದ್ದುಗೆ ಹೋಯಿತು. ಸ್ವಲ್ಪ ನೋವಾಯಿತು, ಸುಳ್ಳೇಕೆ ಹೇಳಲಿ.

ಓದಲು ಬಾರದವರು ಬಲ್ಲವರ ಹಿಂದೆ ದನಿ ಎಳೆದರು. ಪ್ರಾಥಮಿಕ ಶಾಲೆಯ ಮಗ್ಗಿಯ ಹಾಗೆ ರಾಗ ಹುಟ್ಟಿತು. ಆ ರಾಗದ ಕೆಳಗೆ, ನನ್ನ ಎಡಗಡೆಯಿಂದ, ಒರಟಾದ ಸಣ್ಣ ದನಿಯೊಂದು ಅರ್ಧ ಹೆಜ್ಜೆ ಹಿಂದಾಗಿ ಬರುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ನಿಂತುಬಿಟ್ಟೀತೆಂದು ಹೆದರಿಕೆ. ಚಳಿಗಾಲ ಮುಗಿಯುವ ಹೊತ್ತಿಗೆ ಗಫೂರ್ ಸಾಹೇಬರು ನಮ್ಮ ಜೊತೆ ಇಡೀ ಹಾಳೆ ಓದುತ್ತಿದ್ದರು. ಮನೆಯಲ್ಲಿ ನೀರು, ಛಾ, ಬಾ ಎಂಬ ಮಾತುಗಳು ಒಂದೊಂದಾಗಿ ಬಂದವು.

ಇದು ಹೀಗೇ ಮೇಲೇರಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಒಂದು ಭಾನುವಾರ ಅವರು ತಾವಾಗಿಯೇ ಎದ್ದು ಹಾಳೆಯ ಮುಂದೆ ನಿಂತರು. ಒಬ್ಬನೇ ಓದುತ್ತೇನೆ ಎಂದು ಎದೆ ಮುಟ್ಟಿಕೊಂಡು ಸನ್ನೆ ಮಾಡಿದರು. ಮೊದಲ ಸಾಲು ದಾಟಿದರು. ಎರಡನೆಯದರಲ್ಲಿ ಜಲಾಶಯ ಎಂಬ ಶಬ್ದ ಅಡ್ಡ ಬಂತು. ಜ ಎಂದು ನಿಂತರು. ಮತ್ತೆ ಜ ಎಂದರು. ನಮಗೆಲ್ಲ ಕರುಣೆ ಉಕ್ಕಿ ಬಂತು. ನಾಲ್ಕೂ ಕಡೆಯಿಂದ ಜಲಾಶಯ, ಜಲಾಶಯ ಎಂದು ಹೇಳಿಕೊಟ್ಟೆವು. ಅಷ್ಟು ಜನ ಒಟ್ಟಿಗೆ ಕರುಣೆ ತೋರಿಸಿದರೆ ಎದುರಿಗೆ ನಿಂತವನಿಗೆ ಏನಾಗುತ್ತದೆ ಎಂದು ಅವರ ಮುಖ ನೋಡಿದ ಮೇಲೆ ತಿಳಿಯಿತು. ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆಯೇ ನಡೆದುಬಿಟ್ಟರು. ಜೈತುನ್‌ಬೀ ಹಿಂದೆ ಓಡಿದರು.

ಮರುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತರಕಾರಿ ಗಾಡಿಯ ಹತ್ತಿರ ಸಿಕ್ಕ ಜೈತುನ್‌ಬೀ, ಬಂದ ಮಾತುಗಳೂ ಹೋದವು, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ, ಈಗ ಸಿಟ್ಟು ಕೂಡ ಮಾಡುವುದಿಲ್ಲ ಎಂದರು. ಸಿಟ್ಟಾದರೂ ಬರಲಿ ಎಂದು ದೇವರನ್ನು ಕೇಳುತ್ತಿದ್ದರಂತೆ. ನಾನು ಹೋಗಿ ಕಂಡೆ. ಕೈಮುಗಿದರು, ತಲೆ ತಗ್ಗಿಸಿದರು. ಮಂಚದ ಬಳಿಯ ಔಷಧಿ ಬಾಟಲಿ ಕೈಗೆತ್ತಿಕೊಂಡವಳು ಅದರ ಮೇಲಿನದನ್ನು ಓದದೆಯೇ ಇಟ್ಟು ಬಂದೆ. ನನ್ನಂಥವಳಿಗೆ ಹೀಗಾಗುವುದು ಅಪರೂಪ.

ಅದೇ ಸುಮಾರಿಗೆ ಔರಾದಿನ ಗ್ರಂಥಾಲಯದವರು ತಮ್ಮಲ್ಲೂ ಕೂಡಿ ಓದುವ ಕೂಟ ಶುರುಮಾಡಬೇಕು, ಒಂದು ದಿನ ಬಂದು ತೋರಿಸಿ ಎಂದು ಸುವರ್ಣಾಳನ್ನು ಕರೆದಿದ್ದರು. ತವರೂರಿನ ಕರೆ ಎಂದು ಅವಳು ಕುಣಿಯುತ್ತಿದ್ದಳು. ಹೊರಡುವ ಮುಂಚಿನ ದಿನ ಗಫೂರ್ ಸಾಹೇಬರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಕಾಕಾ, ನೀವು ಓದಬ್ಯಾಡ್ರಿ" ಎಂದಳು. "ಬಸ್ಸಿನಾಗ ಕುಂತು ಬಂದು ಹೋಗ್ರಿ ಸಾಕು. ನಾ ಸಣ್ಣಾಕಿ ಇದ್ದಾಗ ನೀವು ಔರಾದ್ ರೂಟಿಗಿ ಇದ್ರಿ, ನಿಮ್ಮ ಬಸ್ಸಿಗೇ ಬೀದರ್ ನೋಡ್ಲಿಕ್ಕಿ ಬಂದೀನಿ. ಈಗ ನಾ ಕರ್ಕೊಂಡ್ ಹೋಗ್ತೇನಿ."

ಅವರು ಗೋಡೆಯಿಂದ ಈ ಕಡೆ ತಿರುಗಿದರು. ಹಾಂ ಎಂದರು. ಅದು ಬೇಕೆಂಬ ಹಾಂ ಆಗಿತ್ತೋ ಬೇಡವೆಂಬ ಹಾಂ ಆಗಿತ್ತೋ, ನಮಗೆ ತಿಳಿಯಲಿಲ್ಲ.

ಮರುದಿನ ನಾವು ಬಸ್ ಸ್ಟ್ಯಾಂಡ್ ಮುಟ್ಟುವ ಮುಂಚೆಯೇ ಗಫೂರ್ ಸಾಹೇಬರು ಜೈತುನ್‌ಬೀ ಜೊತೆ ಔರಾದ್ ಬಸ್ಸಿನಲ್ಲಿ ಕೂತಾಗಿತ್ತು. ಗಡ್ಡ ತಿದ್ದಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟುಕೊಂಡು. ಅವರ ಕೈಕೆಳಗೆ ಕೆಲಸ ಕಲಿತಿದ್ದ ಕಂಡಕ್ಟರ್ ಬಂದು "ಉಸ್ತಾದ್" ಎಂದು ಕೈಹಿಡಿದರು. ಜನವಾಡ ದಾಟಿತು. ಮಾಂಜ್ರಾ ಹೊಳೆಯ ಸೇತುವೆ ಬಂತು. ಎರಡೂ ಕಡೆ ಕಬ್ಬು, ಅದರಾಚೆ ತೊಗರಿ. ಗಫೂರ್ ಸಾಹೇಬರು ಕಿಟಕಿಯ ಸರಳು ಹಿಡಿದು ಹೊರಗೇ ನೋಡುತ್ತಿದ್ದರು. ನೋಡಿ ಬಹಳ ದಿನವಾಗಿದ್ದ ನೆಂಟರನ್ನು ನೋಡುವ ಹಾಗೆ ಒಂದೊಂದು ಊರನ್ನೂ ನೋಡಿದರು.

ಔರಾದಿನ ಗ್ರಂಥಾಲಯದಲ್ಲಿ ಚಾಪೆ ಹಾಸಿದ್ದರು. ಜನ ನಮಗಿಂತ ಮುಂಚೆ ಬಂದಿದ್ದರು. ಮುದುಕಿಯರು ಹೆಚ್ಚು. ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ನಮಗೆ ಮರಾಠಿಯದೂ ಒಂದು ಹಾಳೆ ಬೇಕು ಎಂದು ಬಂದ ಕೂಡಲೇ ತಕರಾರು ಹೂಡಿದರು. ಬರೆಸಿ ಕೊಡುತ್ತೇನೆಂದು ಸುವರ್ಣಾ ಒಪ್ಪಿಕೊಂಡ ಮೇಲೆ ಓದು ಶುರುವಾಯಿತು. ಹಾಳೆಯನ್ನು ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದ್ದಳು. ಅವಳೇ ಬರೆದ ಸಾಲುಗಳು: ಔರಾದಿನ ಮೇಲೆ ಮೋಡ ಕೂಡಿದ್ದು, ಮಳೆ ಬಿದ್ದದ್ದು, ಹೆಸರುಕಾಳಿನ ಹೊಲ ಹಸಿರಾದದ್ದು, ಶಾಲೆಯ ಮಕ್ಕಳು ನೆನೆದುಕೊಂಡು ಮನೆಗೆ ಬಂದದ್ದು. ಗಫೂರ್ ಸಾಹೇಬರು ಕಿಟಕಿಯ ಹತ್ತಿರ ಕೂತಿದ್ದರು, ಗಾಳಿಗೆಂದು.

ಎಲ್ಲರೂ ಓದತೊಡಗಿದೆವು. ಅವರ ತುಟಿಯೂ ಆಡುತ್ತಿತ್ತು. ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಕೋಣೆ ಮಂದವಾಯಿತು. ಹಿಂದಿನವರಿಗೆ ಹಾಳೆ ಕಾಣಲಿಲ್ಲ, ನಿಲ್ಲಿಸಿದರು. ಅವರನ್ನು ನೋಡಿ ಮುಂದಿನವರೂ ನಿಲ್ಲಿಸಿದರು. ಕಿಟಕಿಯ ಬೆಳಕಿನಲ್ಲಿದ್ದ ಗಫೂರ್ ಸಾಹೇಬರಿಗೆ ಅದು ಗೊತ್ತಾಗಲಿಲ್ಲ. ಅವರು ಓದುತ್ತಲೇ ಹೋದರು. ಮಳೆ ಬಿದ್ದಿತು ಎಂದರು. ಹೊಲ ಎಂದರು. ಆಗ ಸುತ್ತಲಿನ ಮೌನ ಅವರಿಗೆ ಕೇಳಿಸಿತು. ಗಕ್ಕನೆ ನಿಂತರು.

ನಾನು ಬಾಯಿ ತೆರೆದೆನೋ ಏನೋ. ಜೈತುನ್‌ಬೀ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ಯಾರೂ ಹೇಳಿಕೊಡಲಿಲ್ಲ. ಔರಾದಿನ ಮುದುಕಿಯರಿಗೆ ಇವರ ಕಥೆ ಗೊತ್ತಿರಲಿಲ್ಲ. ಬಸ್ಸಿಗೆ ಕಾಯುವಂತೆ, ಅವಸರವಿಲ್ಲದೆ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕಾದರು. ಹೊರಗೆ ಯಾರದೋ ಟ್ರ್ಯಾಕ್ಟರ್ ಬಂತು, ಹೋಯಿತು. ಗಫೂರ್ ಸಾಹೇಬರ ಕುತ್ತಿಗೆಯ ನರ ಎದ್ದಿತ್ತು. ಹ ಎಂದರು. ಹ. ಕಣ್ಣು ಮುಚ್ಚಿದರು, ತೆರೆದರು.

ಹಸಿರಾಯಿತು ಎಂದರು.

ಅಲ್ಲಿಂದ ಮಕ್ಕಳು ಮನೆಗೆ ಬರುವವರೆಗೂ ಒಬ್ಬರೇ ಓದಿದರು. ಮುಗಿದಾಗ ಒಬ್ಬ ಮುದುಕಿ, ಛಲೋ ಓದ್ತಾರ, ನಿಧಾನಕ್ಕ ಓದ್ತಾರ, ತಿಳೀತದ ಎಂದು ಪಕ್ಕದವಳಿಗೆ ಹೇಳಿದಳು. ನನ್ನ ಓದಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ಸುವರ್ಣಾ ನೀರು ತರುತ್ತೇನೆಂದು ಹೊರಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿದ್ದವು, ಕೈಯಲ್ಲಿ ನೀರಿರಲಿಲ್ಲ.

ಮರಳುವ ಬಸ್ಸಿನಲ್ಲಿ ಜೈತುನ್‌ಬೀಯ ಖುಷಿಗೆ ಹಿಡಿತವೇ ಇರಲಿಲ್ಲ. ನನ್ನ ಪಕ್ಕ ಕೂತು ತಮ್ಮ ಮದುವೆಯ ಕಥೆ ಬಿಚ್ಚಿದರು. ಅವರ ತವರೂ ಭಾಲ್ಕಿಯೇ. ನಿಕಾಹದ ದಿನ ಖಾಜಿ ಸಾಹೇಬರು ಬಂದು ಕೂತಿದ್ದಾರೆ, ಬಿರಿಯಾನಿ ಇಳಿಸಿ ಆಗಿದೆ, ಮದುಮಗನೇ ಇಲ್ಲ.

"ಮಂದಿಗಿ ದಿನಾ ಬಸ್ ಹತ್ತಸೋ ಮನಷ್ಯಾ" ಎಂದರು, "ತನ್ನ ಮದಿವಿ ದಿನ ತಾನೇ ಬಸ್ ತಪ್ಪಿಸ್ಕೊಂಡಾನ್ರಿ."

ಈ ಕಥೆ ಹೇಳಿದಾಗಲೆಲ್ಲ ಮನೆಯಲ್ಲಿ ಜಗಳವಾಗುತ್ತಿತ್ತಂತೆ. ಅವರು ಅಲ್ಲ ಎಂದು ಕೂಗುವುದು, ಇವರು ಹೌದು ಎಂದು ಕೂಗುವುದು. ಲಕ್ವಾ ಹೊಡೆದ ಮೇಲೆ ಒಬ್ಬಳೇ ಜಗಳವಾಡಲು ಮನಸ್ಸಾಗದೆ ಕಥೆಯನ್ನೇ ಬಿಟ್ಟಿದ್ದರಂತೆ.

ಮುಂದಿನ ಸೀಟಿನಲ್ಲಿದ್ದ ಗಫೂರ್ ಸಾಹೇಬರು ನಿಧಾನವಾಗಿ ನಮ್ಮ ಕಡೆ ತಿರುಗಿದರು. ನನ್ನನ್ನು ನೋಡಿದರು. ಬಾಯಿ ತೆರೆದರು.

"ಸುಳ್ಳ್ರಿ" ಎಂದರು.

ಹಾಳೆಯ ಮೇಲೆ ಇಲ್ಲದ ಮಾತು. ಯಾರೂ ಬರೆದುಕೊಡದ ಮಾತು.

"ಬಸ್" ಎಂದರು ಗಫೂರ್ ಸಾಹೇಬರು. ಉಸಿರು ಎಳೆದುಕೊಂಡರು. "ಬಸ್ ತಪ್ಪಿಲ್ಲ."

ನಾನು ಎದ್ದು ನನ್ನ ಜಾಗ ಬಿಟ್ಟುಕೊಟ್ಟೆ. ಅವರು ಕಂಬಿ ಹಿಡಿದು ಎದ್ದು ಬಂದು ಹೆಂಡತಿಯ ಪಕ್ಕ ಕೂತರು. ಜೈತುನ್‌ಬೀ ಸೆರಗು ಸರಿಮಾಡಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವರ ಕಡೆ ತಿರುಗಿದರು.

"ಹಂಗಾರ ಖರೇ ಏನಾಗಿತ್ತು, ನೀವೇ ಹೇಳ್ರಿ."

ಅವರು ಹುಡುಕಿದರು. ಸಂತಪುರ ಹಿಂದೆ ಬಿತ್ತು. ಟಿಕೆಟಿನ ಯಂತ್ರ ಹಿಡಿದುಕೊಂಡು ಬಂದ ಕಂಡಕ್ಟರ್ ಅಲ್ಲೇ ನಿಂತರು.

"ಟಯರ್" ಎಂದರು ಗಫೂರ್ ಸಾಹೇಬರು.

"ಹಾಂ, ಟಯರ್" ಎಂದರು ಜೈತುನ್‌ಬೀ. "ಮುಂದ?"

ಬೀದರ್ ಇನ್ನೂ ದೂರವಿತ್ತು.